ಯುದ್ಧ, ಬರ ಮತ್ತು ಜನಸಮ್ಮತಿ: ವಿಜಾಪುರ ಸೀಮೆಯಲ್ಲಿ 1942

ಎರಡನೆಯ ಮಹಾಯುದ್ಧ ಕಾಲದ ಯುವಜನ ಪ್ರತಿಭಟನೆಯನ್ನು ರಾಷ್ಟ್ರೀಯ ಚಳವಳಿಯ ಒಂದು ಅಧ್ಯಾಯವೆಂದಷ್ಟೇ ಓದುವುದು ರೂಢಿ. ಇಂದಿನ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಬಹುಭಾಗವನ್ನು ಒಳಗೊಂಡು ಮುಂಬಯಿ ಪ್ರಾಂತದಲ್ಲಿದ್ದ ಅಂದಿನ ವಿಜಾಪುರ ಜಿಲ್ಲೆಯ ಮಟ್ಟಿಗೆ ಈ ಓದು ಸಾಲದು. ಇಲ್ಲಿ ಯುದ್ಧವಿರೋಧವೂ ಬರಗಾಲವೂ ಏಕಕಾಲಕ್ಕೆ ಒದಗಿಬಂದವು.

1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತೀಯ ನಾಯಕರ ಅಭಿಪ್ರಾಯವನ್ನು ಕೇಳದೆಯೇ ದೇಶವನ್ನು ಯುದ್ಧಕ್ಕೆ ಸೇರಿಸಿದರು. ಮುಂಬಯಿಯ ಬಿ.ಜಿ. ಖೇರ್ ಮಂತ್ರಿಮಂಡಲ ಆ ವರ್ಷವೇ ರಾಜೀನಾಮೆಯಿತ್ತಿತು. 1940ರ ಅಕ್ಟೋಬರಿನಲ್ಲಿ ಆರಂಭವಾದ ವೈಯಕ್ತಿಕ ಸತ್ಯಾಗ್ರಹವು ಯುದ್ಧಕ್ಕೆ ಜನವನ್ನಾಗಲಿ ಹಣವನ್ನಾಗಲಿ ಕೊಡಬಾರದೆಂದು ಬಹಿರಂಗವಾಗಿ ಸಾರಿತು. 1942ರ ಆಗಸ್ಟ್ 8ರ ‘ಚಲೇಜಾವ್’ ನಿರ್ಣಯದ ಮರುದಿನ ನಾಯಕರು ಬಂಧಿತರಾಗಲು, ಚಳವಳಿ ಯುವಕರ ಕೈಸೇರಿತು. ಅದೇ ತಿಂಗಳು ಹುಬ್ಬಳ್ಳಿಯಲ್ಲಿ ಬಾಲಕ ನಾರಾಯಣ ಡೋಣಿ ಪೊಲೀಸರ ಗುಂಡಿಗೆ ಬಲಿಯಾದನು. ಮುಂಬಯಿ ಕರ್ನಾಟಕದಲ್ಲಿ ತಂತಿ, ಟಪಾಲು, ರೈಲು ವ್ಯವಸ್ಥೆಗಳು ಚಳವಳಿಗಾರರ ಗುರಿಯಾದವು. ಇವು ಆಡಳಿತದ ಅಂಗಗಳಾಗಿದ್ದಂತೆ ಯುದ್ಧಯಂತ್ರದ ನರಗಳೂ ಆಗಿದ್ದವು.

1942ರ ಮಾರ್ಚಿನಲ್ಲಿ ರಂಗೂನ್ ಜಪಾನೀಯರ ವಶವಾಗಿ ಬರ್ಮಾದ ಅಕ್ಕಿ ನಿಂತುಹೋಯಿತು. ದೇಶದಾದ್ಯಂತ ಧಾನ್ಯ ತುಟ್ಟಿಯಾಯಿತು. ‘ಡೋಣಿ ಹರಿದರೆ ಓಣಿಯೆಲ್ಲ ಕಾಳು’ ಎಂಬ ನಾಡಮಾತಿನ ಈ ಸೀಮೆಯಲ್ಲಿ ಮಳೆ ಕೈಕೊಟ್ಟರೆ ಜೋಳವಿಲ್ಲ. ಇಂದು ತಾಲ್ಲೂಕು ಕೇಂದ್ರಗಳಾಗಿರುವ ತಿಕೋಟಾ, ಬಬಲೇಶ್ವರಗಳ ಸುತ್ತಣ ಒಕ್ಕಲುತನ ಅಂದು ಮಳೆಯನ್ನೇ ನಂಬಿತ್ತು. 1942-43ರಲ್ಲಿ ಜಿಲ್ಲೆಯನ್ನು ಬರ ಆವರಿಸಿತು. ಸರಕಾರ ಬರಪರಿಹಾರ ಕಾಮಗಾರಿಗಳನ್ನು ತೆರೆಯಬೇಕಾಯಿತು. ತನ್ನ ಒಪ್ಪಿಗೆಯಿಲ್ಲದೆ ನಡೆದ ದೂರದ ಯುದ್ಧ ರೈತನಿಗೆ ಸಂತೆಯ ಧಾರಣೆಯಾಗಿ ಅನುಭವಕ್ಕೆ ಬಂತು.

ಇದಕ್ಕೆ ಎರಡು ಆಕ್ಷೇಪಗಳು ಸಾಧ್ಯ. ಮೊದಲನೆಯದು, ವಿರೋಧ ಸರ್ವಾನುಮತದ್ದಾಗಿರಲಿಲ್ಲ ಎಂಬುದು. 1941ರ ಜೂನಿನಲ್ಲಿ ಜರ್ಮನಿಯು ಸೋವಿಯತ್ ಒಕ್ಕೂಟದ ಮೇಲೆ ದಾಳಿಮಾಡಿದ ತರುವಾಯ ಕಮ್ಯುನಿಸ್ಟರು ಇದನ್ನು ‘ಜನತಾ ಯುದ್ಧ’ವೆಂದು ಬೆಂಬಲಿಸಿದ್ದು ನಿಜ. ಎರಡನೆಯದು, ಯುದ್ಧದ ಅಂತ್ಯಕ್ಕೆ ಭಾರತೀಯ ಸೇನೆ 20 ಲಕ್ಷವನ್ನು ಮೀರಿತ್ತೆಂಬುದು. ಆದರೆ ಸೇನಾಭರ್ತಿಯ ಸಂಖ್ಯೆ ಜನಸಮ್ಮತಿಯ ಅಳತೆಗೋಲಾಗಲಾರದು. ಬರ ಮತ್ತು ನಿರುದ್ಯೋಗದ ಕಾಲದಲ್ಲಿ ಸಂಬಳ, ಊಟಗಳಿಗಾಗಿ ಭರ್ತಿಯಾಗುವುದು ಬೇರೆ, ಯುದ್ಧವನ್ನು ಒಪ್ಪುವುದು ಬೇರೆ. ಒಂದೇ ಮನೆಯಲ್ಲಿ ಒಬ್ಬ ಸಿಪಾಯಿಯೂ ಮತ್ತೊಬ್ಬ ಚಳವಳಿಗಾರನೂ ಇರುವುದು ಅಸಂಗತವಲ್ಲ.

ಆದ್ದರಿಂದ ಈ ಭಾಗದ ಲಾವಣಿ, ಗೀಗೀಪದ, ವೃದ್ಧರ ಮೌಖಿಕ ಕಥನಗಳನ್ನು ಸಂಗ್ರಹಿಸುವವರು ‘ಸ್ವಾತಂತ್ರ್ಯ’ ಮತ್ತು ‘ಬರ’ ಎಂಬ ಎರಡು ಕಟ್ಟುಗಳನ್ನು ಬೇರೆಬೇರೆಯಾಗಿ ಇಡದೆ ಒಟ್ಟಿಗೆ ಓದುವುದು ಅಗತ್ಯ. ಆ ಕಾಲವನ್ನು ಬಲ್ಲವರು ವಿರಳರಾಗುತ್ತಿರುವುದರಿಂದ ಈ ಕಾರ್ಯವನ್ನು ಮುಂದೂಡುವಂತಿಲ್ಲ.