ನಿಮಗಿದು ಗೊತ್ತೇ? ಮರೆಯಲ್ಲಿ ಕೂತರೆ ಹಕ್ಕಿ ಹತ್ತಿರ

ಸೂಪಾ ಅಣೆಕಟ್ಟು ಕಟ್ಟುವಾಗ ಸಿಡಿಮದ್ದು ದಾಸ್ತಾನು ಮಾಡುತ್ತಿದ್ದ ಜಾಗವೇ ಇಂದು ರಾಜ್ಯದ ಹೆಸರಾಂತ ಹಕ್ಕಿತಾಣ! ಜೋಯಿಡಾ ತಾಲ್ಲೂಕಿನ ಗಣೇಶಗುಡಿಯ ‘ಓಲ್ಡ್ ಮ್ಯಾಗಜಿನ್ ಹೌಸ್’ ಅದು. ಇಲ್ಲಿ ಹಕ್ಕಿ ಹುಡುಕಿಕೊಂಡು ಅಲೆಯಬೇಕಿಲ್ಲ. ನೀರಿನ ತೊಟ್ಟಿಗಳ ಮುಂದೆ ಸದ್ದಿಲ್ಲದೆ ಕೂತರೆ ಅವೇ ಮೀಯಲು ಬರುತ್ತವೆ.

ಮೀಯುವುದರಲ್ಲೂ ಒಂದೊಂದರದು ಒಂದೊಂದು ರೀತಿ. ಪಿಕಳಾರ ನೀರಿಗಿಳಿದು ರೆಕ್ಕೆ ಬಡಿಯುತ್ತದೆ. ನೀಲಿ ರಾಜಹಕ್ಕಿ ಕೊಂಬೆಯಿಂದ ಜಿಗಿದು, ಮುಳುಗಿದಂತೆ ಮಾಡಿ, ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಕೊಂಬೆಯಲ್ಲಿರುತ್ತದೆ. ಆಮೇಲೆ ಬಾಲದ ಬುಡಕ್ಕೆ ಕೊಕ್ಕು ಹೋಯಿತೆಂದರೆ ಗಮನಿಸಿ: ಅಲ್ಲಿರುವ ಗ್ರಂಥಿಯಿಂದ ಎಣ್ಣೆ ತೆಗೆದು ಗರಿಗಳಿಗೆ ಹಚ್ಚಿಕೊಳ್ಳುತ್ತಿದೆ.

ಮರಸು ಕೂರುವುದು ಬೇಟೆಗಾರರ ಹಳೆಯ ವಿದ್ಯೆ. ಅದನ್ನು ಕ್ಯಾಮೆರಾಕ್ಕೆ ಒಗ್ಗಿಸಿದ ಮೊದಲಿಗರಲ್ಲಿ ಇಂಗ್ಲೆಂಡಿನ ರಿಚರ್ಡ್ ಮತ್ತು ಚೆರ್ರಿ ಕಿಯರ್ಟನ್ ಸಹೋದರರೂ ಇದ್ದರು. 1900ರ ಸುಮಾರಿಗೆ ಅವರು ಎತ್ತಿನ ಚರ್ಮ ಹೊದಿಸಿದ ಟೊಳ್ಳು ಎತ್ತೊಂದನ್ನು ಮಾಡಿಸಿ, ಅದರ ಹೊಟ್ಟೆಯೊಳಗೆ ಕ್ಯಾಮೆರಾ ಸಮೇತ ನುಸುಳಿ ಫೋಟೊ ತೆಗೆದರು. ಒಳಗಿದ್ದವರ ಸೆಕೆ ದೇವರಿಗೇ ಪ್ರೀತಿ!

ಇಷ್ಟೆಲ್ಲ ಏಕೆ? ವುಡ್‌ಕಾಕ್ ಎಂಬ ಹಕ್ಕಿಗೆ ತಲೆ ತಿರುಗಿಸದೆಯೇ ಸುತ್ತಲೂ 360 ಡಿಗ್ರಿ ಕಾಣುತ್ತದೆ. ಚಳಿಗಾಲದಲ್ಲಿ ಪಶ್ಚಿಮ ಘಟ್ಟಕ್ಕೂ ಬರುವ ಅತಿಥಿ ಇದು. ಅಂಥ ಕಣ್ಣಿನ ಹಿಂದಿನಿಂದ ಹೋಗಿಯೂ ಪ್ರಯೋಜನವಿಲ್ಲ.

ಮರೆಯೊಳಗೆ ಇಬ್ಬರು ಹೋಗಿ ಒಬ್ಬರು ಹೊರಬಂದರೆ ಎಷ್ಟೋ ಹಕ್ಕಿಗಳು ಜಾಗ ಖಾಲಿಯಾಯಿತೆಂದೇ ನಂಬುತ್ತವೆ. ಛಾಯಾಗ್ರಾಹಕರ ಹಳೆಯ ಉಪಾಯವಿದು.

ಮರೆಯಾಗುವುದರಲ್ಲಿ ನಮ್ಮನ್ನೂ ಮೀರಿಸುವುದು ಕಪ್ಪೆಬಾಯಿ ಹಕ್ಕಿ. ಹಗಲಿಡೀ ತರಗೆಲೆಯಂತೆ ಅಲುಗದೆ ಕೂರುತ್ತದೆ. ಇಡುವುದು ಒಂದೇ ಮೊಟ್ಟೆ. ಹಗಲು ಕಾವು ಗಂಡಿನದು, ರಾತ್ರಿ ಹೆಣ್ಣಿನದು.

ದಟ್ಟ ಕಾಡಿನ ಮಬ್ಬಿಗೆ 10x25ಕ್ಕಿಂತ 8x42 ದುರ್ಬೀನು ವಾಸಿ. 42 ಎಂದರೆ ಮುಂದಿನ ಮಸೂರದ ಅಗಲ, ಮಿಲಿಮೀಟರ್‌ಗಳಲ್ಲಿ. ಅದು ಹಿರಿದಾದಷ್ಟೂ ಒಳಬರುವ ಬೆಳಕು ಹೆಚ್ಚು.

ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವ ಚಾಳಿ ಇದ್ದರೆ ಬಿಟ್ಟುಬಿಡಿ. ಎದುರಾಳಿ ಬಂದನೆಂದು ಅದು ಗೂಡು, ಮೇವು ಬಿಟ್ಟು ಜಗಳಕ್ಕೆ ಬರುತ್ತದೆ, ನಿಮ್ಮನ್ನು ನೋಡಲಲ್ಲ.