ಅಡುಗೆಮನೆಯ ಸ್ವಯಂ ದುರಸ್ತಿ: ಬದಲಿಸುವುದು ಯಾವುದು, ಮಾರ್ಪಡಿಸುವುದು ಯಾವುದು?

ಅರಸೀಕೆರೆ, ಬೇಲೂರು ಮತ್ತು ಹಳೇಬೀಡಿನ ಪೇಟೆಬೀದಿಗಳಲ್ಲಿ ಮುಂದೆ ಅಂಗಡಿ, ಹಿಂದೆ ಅಥವಾ ಮೇಲಂತಸ್ತಿನಲ್ಲಿ ಮನೆ ಎಂಬ ವ್ಯವಸ್ಥೆ ನಮ್ಮ ವರ್ತಕ ಬಾಂಧವರಿಗೆ ಹೊಸದಲ್ಲ. ಇಂತಹ ಕಟ್ಟಡಗಳಲ್ಲಿ ಅಡುಗೆಮನೆಯ ಗೋಡೆಯೇ ದಾಸ್ತಾನು ಕೋಣೆಯ ಗೋಡೆಯೂ ಆಗಿರುತ್ತದೆ. ಒಲೆಯ ಬಳಿ ಹೊತ್ತಿದ ಕಿಡಿ ಕುಟುಂಬದೊಂದಿಗೆ ವ್ಯಾಪಾರದ ಬಂಡವಾಳವನ್ನೂ ಅಪಾಯಕ್ಕೆ ಒಡ್ಡುತ್ತದೆ. ಕೊಬ್ಬರಿ ವ್ಯಾಪಾರಸ್ಥರು ಇದನ್ನು ವಿಶೇಷವಾಗಿ ಗಮನಿಸಬೇಕು. ಎಣ್ಣೆಯಂಶ ಹೇರಳವಾಗಿರುವ ಕೊಬ್ಬರಿಯನ್ನು ಅಂತಾರಾಷ್ಟ್ರೀಯ ಸಾಗಣೆ ನಿಯಮಗಳು ತಾನಾಗಿಯೇ ಕಾವೇರಿ ಹೊತ್ತಿಕೊಳ್ಳಬಲ್ಲ ಸರಕುಗಳ ಪಟ್ಟಿಯಲ್ಲಿ, ಯು.ಎನ್. 1363 ಎಂಬ ಸಂಖ್ಯೆಯಡಿ ಸೇರಿಸಿವೆ. ಅಂತಹ ಸರಕಿನ ಪಕ್ಕದಲ್ಲಿ ನಡೆಯುವ ದುರಸ್ತಿಯನ್ನು ಕೇವಲ ಮನೆಗೆಲಸವೆಂದು ಭಾವಿಸಲಾಗದು.

ಆದರೆ ಸಣ್ಣಪುಟ್ಟ ಕೆಲಸಕ್ಕೆಲ್ಲ ಕುಶಲಕರ್ಮಿಯನ್ನು ಕಾಯುತ್ತ ಕೂರುವುದೂ ವ್ಯವಹಾರಸ್ಥರಿಗೆ ಸಾಧ್ಯವಿಲ್ಲ. ಹಾಗಾದರೆ ಯಾವ ಕೆಲಸವನ್ನು ಸ್ವತಃ ಮಾಡಬಹುದು, ಎಲ್ಲಿ ಕೈ ತೆಗೆಯಬೇಕು?

ಕಾನೂನೇ ಎಳೆದ ಗೆರೆ

ಈ ಪ್ರಶ್ನೆಗೆ ವಿದ್ಯುತ್ ಸುರಕ್ಷತಾ ನಿಯಮಗಳಲ್ಲಿ ಉತ್ತಮ ಉತ್ತರವಿದೆ. ಕೇಂದ್ರ ವಿದ್ಯುತ್ ಪ್ರಾಧಿಕಾರವು 2010ರಲ್ಲಿ ಹೊರಡಿಸಿ 2023ರಲ್ಲಿ ಹೊಸದಾಗಿ ರೂಪಿಸಿದ ನಿಯಮಾವಳಿಯಂತೆ ವೈರಿಂಗ್ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರಿಂದಲೇ ಮಾಡಿಸಬೇಕು. ದೀಪ, ಫ್ಯಾನು, ಫ್ಯೂಸು, ಸ್ವಿಚ್ಚು ಹಾಗೂ 250 ವೋಲ್ಟ್ ಮೀರದ ಗೃಹೋಪಕರಣಗಳನ್ನು ಬದಲಿಸುವುದಕ್ಕೆ ಮಾತ್ರ ವಿನಾಯಿತಿಯಿದೆ. ಅದಕ್ಕೂ ಒಂದು ಷರತ್ತುಂಟು: ಆ ಬದಲಾವಣೆಯಿಂದ ವ್ಯವಸ್ಥೆಯ ಸಾಮರ್ಥ್ಯವಾಗಲಿ ಸ್ವರೂಪವಾಗಲಿ ಬೇರೆಯಾಗಬಾರದು.

ಅಂದರೆ ಹಳೆಯದನ್ನು ತೆಗೆದು ಅಂತಹುದೇ ಹೊಸದನ್ನು ಕೂರಿಸುವುದು ಬದಲಿಕೆ. ಇದ್ದುದಕ್ಕಿಂತ ಹೆಚ್ಚಿನ ಹೊರೆ ಹೊರಿಸುವುದು ಅಥವಾ ಅದರ ರಚನೆಯನ್ನು ತಿದ್ದುವುದು ಮಾರ್ಪಾಡು. ಮೊದಲನೆಯದನ್ನು ಎಚ್ಚರದಿಂದ ನಾವೇ ಮಾಡಿಕೊಳ್ಳಬಹುದು. ಎರಡನೆಯದು ನುರಿತವರ ಪಾಲಿನದು. ವಿದ್ಯುತ್ತಿಗೆ ಹೇಳಿದ ಈ ಮಾತನ್ನು ಅಡುಗೆಮನೆಯ ಉಳಿದ ಕೆಲಸಗಳಿಗೂ ಅನ್ವಯಿಸಿ ನೋಡುವುದು ಉಪಯುಕ್ತ.

ವಿದ್ಯುತ್

ಕೆಟ್ಟ 6 ಆಂಪಿಯರ್ ಸಾಕೆಟ್ಟಿನ ಜಾಗದಲ್ಲಿ ಹೊಸ 6 ಆಂಪಿಯರ್ ಸಾಕೆಟ್ ಹಾಕುವುದು ಬದಲಿಕೆ. ಅದೇ ತಂತಿಗೆ 16 ಆಂಪಿಯರ್ ಸಾಕೆಟ್ ಜೋಡಿಸುವುದು ಮಾರ್ಪಾಡು. 2000 ವ್ಯಾಟಿನ ಇಂಡಕ್ಷನ್ ಒಲೆಯು 230 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಪ್ರವಾಹವನ್ನು ಸೆಳೆಯುತ್ತದೆ. ದೀಪಕ್ಕೆಂದು ಎಳೆದ ತೆಳು ತಂತಿ ಈ ಹೊರೆಯನ್ನು ತಾಳಲಾರದೆ ಗೋಡೆಯೊಳಗೇ ಕಾಯುತ್ತದೆ. ಹೊರಗೆ ಹೊಗೆ ಕಾಣುವ ವೇಳೆಗೆ ಒಳಗಿನ ಹೊದಿಕೆ ಕರಗಿರುತ್ತದೆ. ಪದೇ ಪದೇ ಬೀಳುವ ಎಂ.ಸಿ.ಬಿ.ಯ ಬದಲು ಹೆಚ್ಚು ಆಂಪಿಯರಿನದನ್ನು ಹಾಕುವುದು, ಫ್ಯೂಸಿಗೆ ದಪ್ಪ ತಂತಿ ಸುತ್ತುವುದು ಸಹ ಇದೇ ಬಗೆಯ ತಪ್ಪುಗಳು.

ಸ್ವಿಚ್ಚು ಬದಲಿಸುವ ಮುನ್ನ ಮೇನ್ ಸ್ವಿಚ್ ಆರಿಸಿದರೆ ಸಾಕೆಂದು ಹಲವರು ನಂಬಿದ್ದಾರೆ. ಇನ್ವರ್ಟರ್ ಇರುವ ಮನೆಯಲ್ಲಿ ಮೇನ್ ಆರಿದೊಡನೆ ಬ್ಯಾಟರಿಯ ವಿದ್ಯುತ್ತು ಅದೇ ತಂತಿಗಳಿಗೆ ಹರಿಯುತ್ತದೆ. ಆದುದರಿಂದ ಇನ್ವರ್ಟರನ್ನೂ ಆರಿಸಬೇಕು. ಟೆಸ್ಟರನ್ನು ವಿದ್ಯುತ್ತು ಇರುವ ಕಡೆ ಮೊದಲು ಪರೀಕ್ಷಿಸಿ, ಬಳಿಕ ಕೆಲಸದ ಜಾಗದಲ್ಲಿ ಇಟ್ಟು ನೋಡಬೇಕು. ಕೆಟ್ಟ ಟೆಸ್ಟರೂ ದೀಪ ಹೊತ್ತಿಸುವುದಿಲ್ಲ ಎಂಬುದನ್ನು ಮರೆಯಬಾರದು. ನೀರು ಚೆಲ್ಲುವ ಅಡುಗೆಮನೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಹಾಕಿಸುವುದು ಅತ್ಯಂತ ಲಾಭದಾಯಕ ವೆಚ್ಚ. ಮೈಕ್ರೋವೇವ್ ಒಲೆಯ ಹೊರಕವಚವನ್ನಂತೂ ತೆರೆಯಲೇಬಾರದು. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ ಪ್ರಾಣಾಪಾಯಕಾರಿ ಉಚ್ಚ ವೋಲ್ಟೇಜ್ ಉಳಿದಿರಬಹುದು.

ಅಡುಗೆ ಅನಿಲ

ಬರ್ನರ್ ಶುಚಿಗೊಳಿಸುವುದು, ಸಿಲಿಂಡರ್ ಬದಲಿಸುವುದು, ಸೋಪಿನ ನೀರು ಹಚ್ಚಿ ಸೋರಿಕೆ ನೋಡುವುದು ಗೃಹಸ್ಥರು ಮಾಡಬಹುದಾದ ಕೆಲಸಗಳು. ಸೋರಿಕೆಯನ್ನು ಬೆಂಕಿಕಡ್ಡಿ ಗೀರಿ ಪರೀಕ್ಷಿಸುವ ಹಳೆಯ ಚಾಳಿಯನ್ನು ಸಂಪೂರ್ಣವಾಗಿ ಬಿಡಬೇಕು. ರಬ್ಬರ್ ಕೊಳವೆ ಐ.ಎಸ್. 9573 ಗುರುತು ಹೊಂದಿರಬೇಕು, ಒಂದೂವರೆ ಮೀಟರಿಗಿಂತ ಉದ್ದವಿರಬಾರದು. ಸುರಕ್ಷಾ ಕೊಳವೆಯನ್ನು ಐದು ವರ್ಷಕ್ಕೊಮ್ಮೆ, ಬಿರುಕು ಕಂಡರೆ ಕೂಡಲೇ, ಬದಲಿಸಬೇಕು. ರೆಗ್ಯುಲೇಟರ್ ಬಿಚ್ಚುವುದು, ಕೊಳವೆಗೆ ಜೋಡಣೆ ಹಾಕಿ ಎರಡನೆಯ ಒಲೆಗೆ ಅನಿಲ ಕೊಡುವುದು, ಸ್ಟೌವಿನ ಜೆಟ್ ರಂಧ್ರವನ್ನು ಅಗಲಿಸುವುದು ಮಾರ್ಪಾಡುಗಳಾಗಿದ್ದು, ಇವುಗಳಿಗೆ ಕೈ ಹಾಕಬಾರದು.

ಕಾರಣ ಸರಳವಾಗಿದೆ. ದ್ರವರೂಪದ ಅನಿಲ ಹೊರಬಂದಾಗ ಸುಮಾರು 250 ಪಟ್ಟು ಹಿಗ್ಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಶೇಕಡಾ 2ರಷ್ಟಾದರೂ ಕಿಡಿಯೊಂದಕ್ಕೆ ಹೊತ್ತಿಕೊಳ್ಳುತ್ತದೆ. ಗಾಳಿಗಿಂತ ಭಾರವಾದುದರಿಂದ ಅದು ಮೇಲೇರಿ ಕಿಟಕಿಯಿಂದ ಹೋಗುವ ಬದಲು ನೆಲದ ಮಟ್ಟದಲ್ಲಿ ಹರಿದು, ಬಾಗಿಲಸಂದಿಯಿಂದ ತಗ್ಗಿನಲ್ಲಿರುವ ದಾಸ್ತಾನು ಕೋಣೆಯನ್ನೂ ಸೇರಬಲ್ಲದು.

ಬೇಲೂರು ಮತ್ತು ಹಳೇಬೀಡಿನ ವ್ಯವಹಾರಸ್ಥರಿಗೆ ಇಲ್ಲಿ ಮತ್ತೊಂದು ಮಾತು ಹೇಳಬೇಕಾಗಿದೆ. ಹೊಯ್ಸಳ ದೇವಾಲಯಗಳು 2023ರ ಸೆಪ್ಟೆಂಬರಿನಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಪ್ರವಾಸಿಗರಿಗೆ ಮನೆಯಲ್ಲೇ ವಸತಿ, ಊಟ ಒದಗಿಸುವುದು ಗೌರವದ ಉದ್ಯಮ. ಆದರೆ ನಾಲ್ಕು ಜನರ ಅಡುಗೆಮನೆಯಲ್ಲಿ ನಲವತ್ತು ಜನರ ಅಡುಗೆ ಮಾಡತೊಡಗಿದಾಗ ಅಡುಗೆಮನೆಯ ಸ್ವರೂಪವೇ ಬದಲಾದಂತೆ. 14.2 ಕಿಲೋ ತೂಕದ ಗೃಹಬಳಕೆಯ ಸಿಲಿಂಡರನ್ನು ವ್ಯಾಪಾರಕ್ಕೆ ಬಳಸುವುದಕ್ಕೆ ಕಾನೂನಿನ ಅನುಮತಿಯಿಲ್ಲ. 19 ಕಿಲೋದ ವಾಣಿಜ್ಯ ಸಂಪರ್ಕವನ್ನೇ ಪಡೆಯಬೇಕು. ಅಪಾಯವನ್ನು ಹೆಚ್ಚಿಸುವಂತಹ ಬದಲಾವಣೆಗಳನ್ನು ತಿಳಿಸಬೇಕೆಂಬ ಷರತ್ತು ಅಗ್ನಿ ವಿಮೆಯಲ್ಲಿಯೂ ಸಾಮಾನ್ಯವಾಗಿರುತ್ತದೆ. ಇದನ್ನು ಕಡೆಗಣಿಸಿದವರಿಗೆ ಪರಿಹಾರ ಕೇಳುವ ದಿನ ತೊಡಕು ಎದುರಾಗಬಹುದು.

ಕುಕ್ಕರ್, ಕಲ್ಲು ಮತ್ತು ಕೊಳಾಯಿ

ಪ್ರೆಷರ್ ಕುಕ್ಕರಿನ ರಬ್ಬರ್ ಬಳೆಯನ್ನೂ ಸೇಫ್ಟಿ ವಾಲ್ವನ್ನೂ ಅದೇ ತಯಾರಕರ, ಅದೇ ಮಾದರಿಯ ಬಿಡಿಭಾಗದಿಂದ ಬದಲಿಸಬಹುದು. ಒಳಗಿನ ಶಾಖ ಮಿತಿಮೀರಿದಾಗ ತಾನು ಕರಗಿ ಉಗಿಗೆ ದಾರಿ ಕೊಡುವುದೇ ವಾಲ್ವಿನ ಕೆಲಸ. ಅದು ಪದೇ ಪದೇ ಹೋಗುತ್ತದೆಂದು ಆ ರಂಧ್ರಕ್ಕೆ ಬೋಲ್ಟು ಬಿಗಿಯುವುದು ಕುಕ್ಕರನ್ನು ಸಿಡಿಗುಂಡಾಗಿಸಿದಂತೆ.

ಹೊಸ ಸಿಂಕಿಗಾಗಿ ಅಡುಗೆಕಟ್ಟೆಯ ಗ್ರಾನೈಟನ್ನು ಮನೆಯೊಳಗೇ ಕತ್ತರಿಸುವ ರೂಢಿಯೂ ಇದೆ. ಹೊಯ್ಸಳ ಶಿಲ್ಪಿಗಳು ಕೆತ್ತಿದ್ದು ಮೃದುವಾದ ಬಳಪದ ಕಲ್ಲು. ಗ್ರಾನೈಟಾದರೋ ಕಠಿಣ, ಅದರಲ್ಲಿ ಸ್ಫಟಿಕಶಿಲೆಯ ಅಂಶ ಹೆಚ್ಚು. ಒಣಗಲ್ಲನ್ನು ಯಂತ್ರದಿಂದ ಕೊಯ್ದಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಎಂಬ ಗುಣವಾಗದ ಕಾಯಿಲೆಗೆ ದಾರಿಯಾಗುತ್ತದೆ. ಬಾಯಿಗೆ ಕಟ್ಟಿದ ಟವೆಲ್ಲು ಆ ಸೂಕ್ಷ್ಮ ಧೂಳನ್ನು ತಡೆಯಲಾರದು. ಅಳತೆ ಕೊಟ್ಟು, ನೀರು ಹಾಯಿಸಿ ಕೊಯ್ಯುವ ವ್ಯವಸ್ಥೆಯಿರುವ ಕಡೆ ಕತ್ತರಿಸಿ ತರುವುದೇ ಕ್ಷೇಮ. ಗ್ರೈಂಡರಿನ ರಕ್ಷಾಕವಚವನ್ನು ಕಿತ್ತು, ದೊಡ್ಡ ಬ್ಲೇಡು ಹಾಕುವುದಂತೂ ಅಪಾಯಕಾರಿ ಮಾರ್ಪಾಡು.

ಕೊಳವೆಬಾವಿಯ ಗಡಸು ನೀರಿನಿಂದ ಕಟ್ಟಿದ ಬಿಳಿ ಪದರವನ್ನು ತೆಗೆಯಲು ಆಸಿಡ್, ಕಟ್ಟಿಕೊಂಡ ಸಿಂಕಿಗೆ ಕಾಸ್ಟಿಕ್ ಪುಡಿ ಬಳಸುವವರು ಒಂದರ ಮೇಲೊಂದನ್ನು ಸುರಿಯಬಾರದು. ಆಸಿಡ್ಡಿಗೆ ಬ್ಲೀಚಿಂಗ್ ಪುಡಿ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಏಳುತ್ತದೆ.

ಮಾರಾಟಗಾರರ ಮತ್ತು ತಯಾರಕರ ಹೊಣೆ

ಮನೆಯ ಯಜಮಾನನು ಬದಲಿಸುವ ಪ್ರತಿಯೊಂದು ಬಿಡಿಭಾಗವೂ ನಮ್ಮಲ್ಲೊಬ್ಬರ ಅಂಗಡಿಯಿಂದಲೇ ಹೋಗಿರುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯವು 2020ರ ಜುಲೈ 20ರಿಂದ ಜಾರಿಯಲ್ಲಿದೆ. ಮಾರಾಟಗಾರನೇ ವಸ್ತುವನ್ನು ಮಾರ್ಪಡಿಸಿ ಅದರಿಂದ ಹಾನಿಯಾದರೆ, ತಯಾರಕರು ನೀಡಿದ ಎಚ್ಚರಿಕೆಗಳನ್ನು ಗ್ರಾಹಕರಿಗೆ ತಲುಪಿಸದಿದ್ದರೆ, ಅಥವಾ ತಯಾರಕರು ಯಾರೆಂಬುದೇ ತಿಳಿಯದಿದ್ದರೆ ಮಾರಾಟಗಾರನೇ ಹೊಣೆಗಾರನಾಗಬಹುದು. ಹೆಸರಿಲ್ಲದ ಅಗ್ಗದ ಕೊಳವೆಯನ್ನು ರಶೀದಿಯಿಲ್ಲದೆ ಕೊಂಡು, ರಶೀದಿಯಿಲ್ಲದೆ ಮಾರುವ ವರ್ತಕರು ಈ ಕೊನೆಯ ಅಂಶವನ್ನು ಎರಡು ಬಾರಿ ಓದಬೇಕು. ಪ್ರೆಷರ್ ಕುಕ್ಕರುಗಳಿಗೆ ಐ.ಎಸ್. 2347 ಮಾನಕದ ಗುರುತು 2021ರಿಂದ ಕಡ್ಡಾಯವಾಗಿದೆ. ಐ.ಎಸ್.ಐ. ಚಿಹ್ನೆಯ ಜೊತೆಗಿರುವ ಪರವಾನಗಿ ಸಂಖ್ಯೆಯನ್ನು ಮಾನಕ ಬ್ಯೂರೋದ ಮೊಬೈಲ್ ತಂತ್ರಾಂಶದಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ಸಣ್ಣ ತಯಾರಕರೂ ಬಿಡಿಭಾಗವು ಯಾವ ಮಾದರಿಗೆ ಹೊಂದುತ್ತದೆ, ಯಾವುದಕ್ಕೆ ಹೊಂದುವುದಿಲ್ಲ ಎಂಬುದನ್ನು ಪೊಟ್ಟಣದ ಮೇಲೆ ಕನ್ನಡದಲ್ಲಿ ಮುದ್ರಿಸುವುದು ಶ್ರೇಯಸ್ಕರ.

ಅವಘಡ ಸಂಭವಿಸಿದಾಗ

1. ಅನಿಲದ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಹಾಕಬಾರದು, ಆರಿಸಲೂಬಾರದು. ಒಲೆ ಮತ್ತು ರೆಗ್ಯುಲೇಟರ್ ಮುಚ್ಚಿ, ಬಾಗಿಲು ಕಿಟಕಿ ತೆರೆದು, ಹೊರಗೆ ಬಂದ ಮೇಲೆ 1906ಕ್ಕೆ ಕರೆ ಮಾಡಬೇಕು.

2. ಬಾಣಲೆಯ ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು. ಒಲೆ ಆರಿಸಿ, ಲೋಹದ ಮುಚ್ಚಳ ಮುಚ್ಚಬೇಕು.

3. ವಿದ್ಯುತ್ ಆಘಾತಕ್ಕೆ ಸಿಕ್ಕವರನ್ನು ಮುಟ್ಟುವ ಮೊದಲು ಮೇನ್ ಮತ್ತು ಇನ್ವರ್ಟರ್ ಎರಡನ್ನೂ ಆರಿಸಬೇಕು. ವಿದ್ಯುತ್ ನಿಗಮದ ಸಹಾಯವಾಣಿ 1912.

4. ಸುಟ್ಟ ಗಾಯವನ್ನು ಹರಿಯುವ ತಣ್ಣೀರಿನಲ್ಲಿ 20 ನಿಮಿಷ ಹಿಡಿಯಬೇಕು. ಎಣ್ಣೆ, ಪೇಸ್ಟು ಹಚ್ಚಬಾರದು. ತುರ್ತು ನೆರವಿಗೆ 112.

ವ್ಯಾಪಾರದಲ್ಲಿ ಸರಕು ಕೈಸೇರುವ ಮುನ್ನ ತೂಕ, ಗುಣ, ಬೆಲೆಗಳನ್ನು ನೋಡುವ ನಾವು, ಸ್ಪ್ಯಾನರ್ ಹಿಡಿಯುವ ಮುನ್ನವೂ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಇದನ್ನು ನಾನು ಬದಲಿಸುತ್ತಿದ್ದೇನೆಯೋ, ಮಾರ್ಪಡಿಸುತ್ತಿದ್ದೇನೆಯೋ? ಮಾರ್ಪಾಡು ಎಂದು ಉತ್ತರ ಬಂದಲ್ಲಿ ಸ್ಪ್ಯಾನರ್ ಕೆಳಗಿಟ್ಟು ತಿಳಿದವರನ್ನು ಕರೆಯುವುದೇ ವಿವೇಕ. ಅಂಗಡಿಯ ಕಟ್ಟೆಯಲ್ಲಿ ನಿಂತ ಗ್ರಾಹಕರಿಗೂ ಇದೇ ಪ್ರಶ್ನೆ ಕೇಳುವ ಪರಿಪಾಠವನ್ನು ನಮ್ಮ ವರ್ತಕರು ಬೆಳೆಸಿಕೊಳ್ಳಲಿ.