ಸತ್ಕಾರ್ಯಕ್ಕೆ ಸತ್ವ ತುಂಬುವುದು ಯಾವುದು?

ತುಮಕೂರು ನಗರದಲ್ಲಾಗಲಿ, ಗುಬ್ಬಿ, ಕುಣಿಗಲ್ ಕಡೆಗಳಲ್ಲಾಗಲಿ ನಮ್ಮ ಕಥೋಲಿಕ ಕುಟುಂಬಗಳು ಅನ್ಯಧರ್ಮೀಯ ನೆರೆಹೊರೆಯ ನಡುವೆ ಬಾಳುವ ಪುಟ್ಟ ಹಿಂಡುಗಳು. ಆದಕಾರಣ ಜ್ಞಾನೋಪದೇಶದ ತರಗತಿಯಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ: ಜ್ಞಾನಸ್ನಾನ ಪಡೆಯದವರು ಮಾಡುವ ಒಳ್ಳೆಯ ಕಾರ್ಯವನ್ನು ದೇವರು ಒಳ್ಳೆಯದೆಂದು ಎಣಿಸುವರೇ? ಮಕ್ಕಳ ಪ್ರಶ್ನೆಯೆಂದು ಇದನ್ನು ತಳ್ಳಿಹಾಕುವಂತಿಲ್ಲ.

ನಮ್ಮ ಜಿಲ್ಲೆಯಲ್ಲಿ ಈ ಪ್ರಶ್ನೆ ಕೇಳಿದೊಡನೆ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮಿಗಳ (1907–2019) ನೆನಪಾಗುತ್ತದೆ. ಜಾತಿಮತಗಳನ್ನು ಎಣಿಸದೆ ಸಾವಿರಾರು ಬಡ ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನಿತ್ತವರು ಅವರು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ, ಮಕ್ಕಳ ಮಧ್ಯಾಹ್ನದ ಊಟ ಮುಗಿಯುವ ತನಕ ಸುದ್ದಿಯನ್ನು ಪ್ರಕಟಿಸಬಾರದೆಂಬುದು ಅವರ ಇಚ್ಛೆಯಾಗಿತ್ತೆಂದು ವರದಿಯಾಯಿತು. ಇದನ್ನು ಸತ್ಕಾರ್ಯವಲ್ಲವೆನ್ನಲು ಯಾವ ಕ್ರೈಸ್ತನಿಗೆ ನಾಲಗೆ ಬಂದೀತು?

ಧರ್ಮಸಭೆಯೂ ಹಾಗೆನ್ನಲಿಲ್ಲ. ದೈವಕೃಪೆಯಿಂದ ನೀತಿವಂತನಾಗುವ ಮುನ್ನ ಮನುಷ್ಯನು ಮಾಡುವುದೆಲ್ಲವೂ ಪಾಪವೆಂಬ ವಾದವನ್ನು ತ್ರೆಂತ್ ಮಹಾಸಭೆಯು 1547ರಲ್ಲಿ ಖಂಡಿಸಿತು. ಅವಿಶ್ವಾಸಿಗಳ ಕಾರ್ಯಗಳೆಲ್ಲವೂ ಪಾಪಗಳೇ ಎಂದು ಬೋಧಿಸಿದ ಲುವೇನಿನ ಪಂಡಿತ ಬಾಯುಸನ ಮಾತನ್ನು 1567ರಲ್ಲಿ ಜಗದ್ಗುರು ಐದನೆಯ ಪಿಯುಸರು ತಿರಸ್ಕರಿಸಿದರು. ಪಾಪದಿಂದ ಮಾನವ ಸ್ವಭಾವವು ಗಾಯಗೊಂಡಿದೆಯೇ ಹೊರತು ಸತ್ತಿಲ್ಲವೆಂದು ಸಂತ ತೋಮಸ್ ಅಕ್ವಿನಾಸರು ಅದಕ್ಕೂ ಮೊದಲೇ ವಿವರಿಸಿದ್ದರು. ಸ್ವಭಾವಬಲದಿಂದ ಮನುಷ್ಯನು ಮಾಡಬಲ್ಲ ಒಳಿತಿಗೆ ಅವರು ಕೊಟ್ಟ ನಿದರ್ಶನ ಮನೆ ಕಟ್ಟುವುದು, ದ್ರಾಕ್ಷಿತೋಟ ಬೆಳೆಸುವುದು. ಗುಬ್ಬಿಯಲ್ಲಿ ಹುಟ್ಟಿದ್ದರೆ ಅಡಿಕೆ ತೋಟವೆನ್ನುತ್ತಿದ್ದರೇನೋ!

ಅಕ್ವಿನಾಸರ ಪ್ರಕಾರ ಕಾರ್ಯವೊಂದು ಒಳ್ಳೆಯದಾಗಬೇಕಾದರೆ ಮಾಡುವ ಕೆಲಸವೂ ಮಾಡುವವನ ಉದ್ದೇಶವೂ ಸಂದರ್ಭವೂ ಮೂರೂ ಸರಿಯಿರಬೇಕು. ಹಾಲಿನ ಕೊಡಕ್ಕೆ ಒಂದು ತೊಟ್ಟು ಹುಳಿ ಸಾಕಲ್ಲವೇ? ಆದರೆ ಈ ಒಳಿತು ನಿತ್ಯಜೀವದತ್ತ ಸಾಗಬೇಕಾದರೆ ಅದಕ್ಕೆ ದೇವಪ್ರೀತಿಯ ಜೀವ ಬೇಕು. ಆಸ್ತಿಯನ್ನೆಲ್ಲ ಹಂಚಿದರೂ ಪ್ರೀತಿಯಿಲ್ಲದಿದ್ದರೆ ಪ್ರಯೋಜನವಿಲ್ಲವೆಂದು ಸಂತ ಪೌಲರು ಕೊರಿಂಥದವರಿಗೆ ಬರೆದುದು ಇದನ್ನೇ. ಆ ಪ್ರೀತಿ ನಮ್ಮ ಸಂಪಾದನೆಯಲ್ಲ, ಪವಿತ್ರಾತ್ಮರ ವರದಾನ.

ಹಾಗಾದರೆ ಆ ವರದಾನ ನಮ್ಮ ದೇವಾಲಯದ ಗೋಡೆಯೊಳಗೆ ಮಾತ್ರ ಉಂಟೇ? ತಮ್ಮದಲ್ಲದ ತಪ್ಪಿನಿಂದ ಕ್ರಿಸ್ತರನ್ನರಿಯದೆ, ಪ್ರಾಮಾಣಿಕ ಹೃದಯದಿಂದ ದೇವರನ್ನರಸಿ, ಕೃಪೆಯ ಪ್ರೇರಣೆಯಿಂದ ಅಂತಃಸಾಕ್ಷಿಯಂತೆ ನಡೆಯುವವರೂ ರಕ್ಷಣೆ ಹೊಂದಬಲ್ಲರೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಸಾರಿತು. ಅದೂ ಕ್ರಿಸ್ತರ ಕೃಪೆಯೇ. ಶತಾಧಿಪತಿ ಕೊರ್ನೇಲಿಯನ ಪ್ರಾರ್ಥನೆ, ದಾನಧರ್ಮಗಳು ಅವನ ಜ್ಞಾನಸ್ನಾನಕ್ಕೆ ಮೊದಲೇ ದೇವರ ಸನ್ನಿಧಿಯನ್ನು ಮುಟ್ಟಿದ್ದವು. ಆದರೂ ದೇವರು ಪೇತ್ರರನ್ನು ಅವನ ಮನೆಗೆ ಕಳುಹಿಸಿದರು. ಜ್ಞಾನಸ್ನಾನ ಅನಗತ್ಯವೆಂದು ವಾದಿಸುವವರು ಈ ಎರಡನೆಯ ಭಾಗವನ್ನು ಓದದೆ ಪುಟ ಮಗುಚುತ್ತಾರೆ.

ನೆರೆಯವರ ಪುಣ್ಯವನ್ನು ಅಳೆಯಲು ನಮಗಿರುವ ಆತುರ ನಮ್ಮದನ್ನು ಅಳೆಯಲು ಇರುವುದಿಲ್ಲ. ದೇವಾಲಯಕ್ಕೆ ಕೊಟ್ಟ ಫ್ಯಾನಿನ ಮೂರು ರೆಕ್ಕೆಗಳ ಮೇಲೂ ದಾನಿಯ ಹೆಸರು ಬರೆಸುವುದನ್ನು ನೋಡಿದ್ದೇವೆ. ಅದು ತಿರುಗುವಾಗ ಹೆಸರು ಕಾಣದಿರುವುದು ದೇವರ ದಯೆ! ಆದರೂ ಕೀರ್ತಿಯ ಆಸೆ ನುಸುಳಿತೆಂದು ಕೊಡುವುದನ್ನೇ ನಿಲ್ಲಿಸಬೇಕಾಗಿಲ್ಲ. ಕೊಡುತ್ತಲೇ ಉದ್ದೇಶವನ್ನು ಶುದ್ಧಿಗೊಳಿಸಿಕೊಳ್ಳಬಹುದು. ಕಾಣಿಕೆಯ ಮೂಲವೇ ಕೆಟ್ಟಿದ್ದರೆ ಮಾತು ಬೇರೆ. ಅಡಿಕೆ ಸುಲಿದ ಹೆಂಗಸರ ಕೂಲಿಯನ್ನು ತಿಂಗಳುಗಟ್ಟಲೆ ತಡೆದಿಟ್ಟು ಹಬ್ಬದ ಖರ್ಚಿಗೆ ಸಾವಿರಗಟ್ಟಲೆ ಕೊಟ್ಟರೆ, ಆ ಹಣ ಕೊಟ್ಟವನದಲ್ಲ, ಆ ಹೆಂಗಸರದು. ತಡೆದ ಕೂಲಿ ದೇವರಿಗೆ ಮೊರೆಯಿಡುತ್ತದೆಂದು ಸಂತ ಯಕೋಬರ ಪತ್ರ ಎಚ್ಚರಿಸುತ್ತದೆ. ಅಂಥವನಿಗೆ ಮೊದಲು ಬಾಕಿ ತೀರಿಸಿ ಬಾ ಎಂದು ಹೇಳುವುದು, ರಶೀದಿ ಬರೆಯಲು ಕುಳಿತ ಗುರುವಿನ ಕರ್ತವ್ಯವೂ ಹೌದು.